ಅನಾಮಧೇಯ ಚರ್ಮಾಂಗಿಯ ಕರ್ತೃ ವಿಚಾರ

ಪೀಠಿಕೆ

ಮೈಸೂರಿನ ನಮ್ಮ ಚಿಕ್ಕಪ್ಪನ ಮನೆಯ ನಡುಮನೆಯಲ್ಲಿ, ಕೊಡೆಗೂ ಪಂಚಾಂಗಕ್ಕೂ ನಡುವಿನ ಗೂಟದಲ್ಲಿ, ಕಪ್ಪು ಚರ್ಮದ ಮೋಟಾರ್ ಸೈಕಲ್ ಜಾಕೆಟ್ಟೊಂದು ನಲವತ್ತು ವರ್ಷಗಳಿಂದ ನೇತಾಡುತ್ತಿದೆ. ಅದರ ಕರ್ತೃ ಯಾರು, ಕಾಲ ಯಾವುದು, ದೇಶ ಯಾವುದು ಎಂಬ ಬಗ್ಗೆ ಇದುವರೆಗೆ ಯಾವ ವಿದ್ವಾಂಸರೂ ಲೇಖನಿ ಎತ್ತಿಲ್ಲ. ಯಾರೂ ಕೇಳಿರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣವಿರಬಹುದು. ಈ ಮಹತ್ತರ ಕೊರತೆಯನ್ನು ತುಂಬುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ.

ಸಮಸ್ಯೆಯ ಮೂಲ ಕೊರಳಪಟ್ಟಿಯಲ್ಲಿದೆ. ಲೇಬಲ್ ಇರಬೇಕಾದ ಜಾಗದಲ್ಲಿ ಲೇಬಲ್ ಇಲ್ಲ. ಆಯತಾಕಾರದಲ್ಲಿ ಸೂಜಿತೂತುಗಳ ಸಾಲು ಮಾತ್ರ ಇದೆ. ವಚನಕ್ಕೆ ಅಂಕಿತ ಹೇಗೋ ಜಾಕೆಟ್ಟಿಗೆ ಲೇಬಲ್ ಹಾಗೆ. ಅಂಕಿತ ಕಳೆದುಕೊಂಡ ವಚನವನ್ನು ಯಾರ ತಲೆಗೆ ಬೇಕಾದರೂ ಕಟ್ಟಬಹುದು. ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಅಮೆರಿಕದಲ್ಲಿ ಉಣ್ಣೆ ಬೆರೆತ ಉಡುಪುಗಳಿಗೆ 1941ರಿಂದ 1959ರವರೆಗೆ ಡಬ್ಲ್ಯು.ಪಿ.ಎಲ್. ಎಂಬ ನೋಂದಣಿ ಸಂಖ್ಯೆ ಕೊಡುತ್ತಿದ್ದರು. ಅದೊಂದು ಸಿಕ್ಕರೆ ಕಂಪನಿ ಯಾವುದೆಂದು ಐದು ನಿಮಿಷದಲ್ಲಿ ತಿಳಿದುಬಿಡುತ್ತದೆ. ಅದೃಷ್ಟವಶಾತ್ ಅದೂ ಇಲ್ಲ.

ಬಾಹ್ಯ ಪ್ರಮಾಣ

ಜಾಕೆಟ್ಟಿನ ಬಗ್ಗೆ ಮೌಖಿಕ ಪರಂಪರೆಯೊಂದಿದೆ. ಅದರ ಏಕೈಕ ವಕ್ತೃ ಚಿಕ್ಕಪ್ಪ. ಇದರಲ್ಲಿ ಎರಡು ಪಾಠಗಳು ದೊರೆಯುತ್ತವೆ. ದೀಪಾವಳಿ ಪಾಠದ ಪ್ರಕಾರ ಅವರು ಓದಲು ಅಮೆರಿಕಕ್ಕೆ ಹೋಗಿದ್ದಾಗ ಡೆಟ್ರಾಯಿಟ್ ನಗರದ ಹಳೇ ಬಟ್ಟೆ ಅಂಗಡಿಯೊಂದರಲ್ಲಿ ಇದನ್ನು ನಾಲ್ಕು ಡಾಲರಿಗೆ ಕೊಂಡರು. ಯುಗಾದಿ ಪಾಠದಲ್ಲಿ ಊರು ಷಿಕಾಗೊ, ಬೆಲೆ ಹನ್ನೊಂದು ಡಾಲರ್. ಬೇವು ತಿಂದ ದಿನ ಬೆಲೆ ಏರುವುದು ಸಹಜವಾದ್ದರಿಂದ ದೀಪಾವಳಿ ಪಾಠವನ್ನೇ ಪ್ರಾಚೀನವೆಂದು ಸ್ವೀಕರಿಸಿದ್ದೇನೆ.

ಡೆಟ್ರಾಯಿಟ್ ಎಂದೊಡನೆ ಬ್ಯೂಕೊ ಹೆಸರು ನೆನಪಾಗುತ್ತದೆ. ಜೋಸೆಫ್ ಬ್ಯೂಗಲೈಸನ್ ಕಂಪನಿಯ ಸಂಕ್ಷಿಪ್ತ ನಾಮವಾದ ಇದು ಬೈಕ್ ಸವಾರರಿಗೆ ಜಾಕೆಟ್, ಹೆಲ್ಮೆಟ್ ಒದಗಿಸುತ್ತಿದ್ದ ಅಲ್ಲಿನ ಪ್ರಸಿದ್ಧ ಸಂಸ್ಥೆ. ಅದರ ಜೆ-24 ಜಾಕೆಟ್ಟನ್ನು ಸಂಗ್ರಾಹಕರು ಇಂದಿಗೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಓಲೆಗರಿ ಸಿಕ್ಕ ಊರೇ ಕವಿ ಹುಟ್ಟಿದ ಊರಾಗಬೇಕಿಲ್ಲ.

ಜೇಬಿನ ಉತ್ಖನನದಲ್ಲಿ ಕಡಲೆಕಾಯಿ ಸಿಪ್ಪೆಯ ಮೂರು ಚೂರು ದೊರೆತವು. ಚಿಕ್ಕಪ್ಪ ಅಲ್ಲಿದ್ದ ಕಾಲಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರು ಜಾರ್ಜಿಯಾದ ಕಡಲೆಕಾಯಿ ಬೆಳೆಗಾರರು. ಈ ಸುಳಿವಿನ ಮೇಲೆ ಹನ್ನೆರಡು ಪುಟ ಬರೆದಾಗಿತ್ತು. ಅಷ್ಟರಲ್ಲಿ ಅದೇ ಜೇಬಿನ ತಳದ ಪದರದಲ್ಲಿ ಮೈಸೂರು ಸಿಟಿ ಬಸ್ಸಿನ ಟಿಕೆಟ್ ಸಿಕ್ಕಿದ್ದರಿಂದ ಆ ಅಧ್ಯಾಯವನ್ನು ಕೈಬಿಡಬೇಕಾಯಿತು.

ಪೂರ್ವಪಕ್ಷ

ಚಿಕ್ಕಪ್ಪನ ಮಗ ಇದನ್ನು ‘ಬ್ರಾಂಡೊ ಜಾಕೆಟ್ಟು’ ಎನ್ನುತ್ತಾನೆ. ಅವನ ವಾದಕ್ಕೂ ಒಂದು ವಂಶಾವಳಿ ಇದೆ. ಇರ್ವಿಂಗ್ ಶಾಟ್, ಜ್ಯಾಕ್ ಶಾಟ್ ಎಂಬ ಅಣ್ಣತಮ್ಮಂದಿರು 1913ರಲ್ಲಿ ನ್ಯೂಯಾರ್ಕಿನಲ್ಲಿ ಉಡುಪಿನ ಕಂಪನಿ ಕಟ್ಟಿದರು. 1928ರಲ್ಲಿ ಇರ್ವಿಂಗ್ ಬೈಕ್ ಸವಾರರಿಗೆಂದೇ ಓರೆ ಜಿಪ್ಪಿನ ಜಾಕೆಟ್ ರೂಪಿಸಿ, ತನ್ನ ಮೆಚ್ಚಿನ ಸಿಗಾರಿನ ಹೆಸರನ್ನೇ ಅದಕ್ಕಿಟ್ಟ: ಪರ್ಫೆಕ್ಟೊ. ನಮ್ಮಲ್ಲಾಗಿದ್ದರೆ ಕುಲದೇವರ ಹೆಸರಿಡುತ್ತಿದ್ದರು. ಲಾಂಗ್ ಐಲೆಂಡಿನ ಹಾರ್ಲೆ ಡೇವಿಡ್ಸನ್ ಮಾರಾಟಗಾರರ ಬಳಿ ಅದರ ಬೆಲೆ ಐದೂವರೆ ಡಾಲರ್. ಗಾಳಿ ಎದೆಗೆ ನುಗ್ಗದಂತೆ ಒಂದು ಮಗ್ಗುಲು ಇನ್ನೊಂದರ ಮೇಲೆ ಮಡಚಿಕೊಳ್ಳಲಿ, ಹ್ಯಾಂಡಲಿನ ಮೇಲೆ ಬಾಗಿದಾಗ ಜಿಪ್ಪು ಹೊಟ್ಟೆಗೆ ಒತ್ತದಿರಲಿ ಎಂಬುದು ಈ ಓರೆಯ ಮರ್ಮ. 1953ರ ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ ಇಂಥದೊಂದನ್ನು ತೊಟ್ಟು ಟ್ರಯಂಫ್ ಬೈಕಿನ ಮೇಲೆ ಒರಗಿದ ಮೇಲೆ ಲೋಕದ ಹುಡುಗರಿಗೆಲ್ಲ ಚಳಿ ಹತ್ತಿಕೊಂಡಿತು.

ಈ ವಾದಕ್ಕೆ ನನ್ನ ಖಂಡನೆ ಸರಳವಾದದ್ದು. ಓರೆ ಜಿಪ್ಪು, ಸೊಂಟಪಟ್ಟಿ, ಭುಜಪಟ್ಟಿ, ಅಗಲ ಕಾಲರು ಬೇಗನೆ ಎಲ್ಲ ಕಂಪನಿಗಳ ಸೊತ್ತಾದವು. ಬ್ರಾಂಡೊ ತೊಟ್ಟಿದ್ದನ್ನು ಹೊಲಿದವರು ಶಾಟ್ ಕಂಪನಿಯವರೋ ಡ್ಯೂರಬಲ್ ಕಂಪನಿಯವರೋ ಎಂದು ಸಂಗ್ರಾಹಕರು ಇಂದಿಗೂ ಕಿತ್ತಾಡುತ್ತಾರೆ. ಷಟ್ಪದಿಯಲ್ಲಿ ಬರೆದವರೆಲ್ಲ ಕುಮಾರವ್ಯಾಸರಲ್ಲ.

ಆಂತರಿಕ ಪ್ರಮಾಣ

ಇನ್ನು ಚರ್ಮ. ಇದು ಹಂದಿಯದು, ಆದ್ದರಿಂದ ಅಡುಗೆಮನೆ ಹೊಸಿಲು ದಾಟಕೂಡದು ಎಂಬುದು ಚಿಕ್ಕಮ್ಮನ ಮತ. ಭೂತಗನ್ನಡಿ ಬೇರೆಯೇ ಹೇಳುತ್ತದೆ. ಮೈ ನುಣುಪು, ರಂಧ್ರಗಳು ಸೂಕ್ಷ್ಮ, ಮಡಿಕೆಗಳಲ್ಲಿ ಬಿಗಿ. ಕಪ್ಪು ಸವೆದ ಮೊಣಕೈಯಲ್ಲಿ ಕಾಫಿ ಬಣ್ಣ ಇಣುಕುತ್ತಿದೆ. ಇದು ಕುದುರೆಯ ಚರ್ಮ. 1920ರ ಸುಮಾರಿಗೆ ಅಮೆರಿಕದಲ್ಲಿ ಕುದುರೆ, ಹೇಸರಗತ್ತೆ ಸೇರಿ ಎರಡೂವರೆ ಕೋಟಿ ಇದ್ದವು. ಕಾರು, ಟ್ರ್ಯಾಕ್ಟರುಗಳು ಬಂದು ಅವುಗಳ ಕೆಲಸ ಹೋಯಿತು; ಚರ್ಮ ಮಾತ್ರ ಜಾಕೆಟ್ಟಾಗಿ ಮೋಟಾರ್ ಸೈಕಲ್ ಏರಿತು. ತನ್ನ ಅನ್ನ ಕಸಿದವನ ಬೆನ್ನನ್ನೇ ಕಾದ ಇಂಥ ಉದಾತ್ತತೆ ಕುದುರೆಗಲ್ಲದೆ ಯಾರಿಗುಂಟು? ಕುದುರೆಗಳು ವಿರಳವಾಗುತ್ತ ಹೋದಂತೆ, 1950ರ ದಶಕ ಮುಗಿಯುವ ಹೊತ್ತಿಗೆ, ಆ ಹೊಣೆ ಹೆಚ್ಚುಕಡಿಮೆ ದನಗಳ ಪಾಲಾಯಿತು.

ಅತಿ ಮುಖ್ಯವಾದ ಶೋಧ ಬಲಗಂಕುಳಿನ ಅಸ್ತರಿನಲ್ಲಿದೆ. ಅಲ್ಲಿ ಇಪ್ಪತ್ಮೂರು ಕೈಹೊಲಿಗೆಗಳಿದ್ದು, ಕೊನೆಯಲ್ಲಿ ಒಂದರ ಮೇಲೊಂದರಂತೆ ಮೂರು ಗಂಟುಗಳಿವೆ. ನಾನು ನೋಡಿದ ನ್ಯೂಯಾರ್ಕ್, ಡೆಟ್ರಾಯಿಟ್, ಲಂಡನ್ ಮಾದರಿಗಳ ಚಿತ್ರಗಳಲ್ಲಿ ಎಲ್ಲೂ ಇಂಥದ್ದಿಲ್ಲ. ಪಳಗಿದ ಕೈ, ಅವಸರವಿಲ್ಲದ ಮನಸ್ಸು, ದಾರದ ಮಿತವ್ಯಯ! ಇದು ಕರ್ತೃವಿನ ಹಸ್ತಾಕ್ಷರವೇ ಸರಿ. ಇದಕ್ಕೆ ‘ತ್ರಿಗ್ರಂಥಿ ಸಂಪ್ರದಾಯ’ ಎಂದು ಹೆಸರಿಟ್ಟಿದ್ದೇನೆ.

ಪ್ರಕ್ಷಿಪ್ತ ವಿಚಾರ

ಎದೆಯ ಜಿಪ್ಪಿನ ಮೇಲೆ ವೈ.ಕೆ.ಕೆ. ಎಂದಿದೆ. ಇದು ತಡಾವೊ ಯೊಶಿದ 1934ರಲ್ಲಿ ಟೋಕಿಯೊದಲ್ಲಿ ಆರಂಭಿಸಿದ ಕಂಪನಿಯ ಗುರುತು. ಹಾಗಾದರೆ ಜಾಕೆಟ್ಟು ಜಪಾನಿನದೇ? ಅವಸರ ಬೇಡ. ತೋಳಿನ ಜಿಪ್ಪುಗಳ ಮೇಲೆ ಟ್ಯಾಲನ್ ಎಂದಿದೆ. ಇಂದಿನ ಜಿಪ್ಪಿನ ಜನಕರಲ್ಲಿ ಪ್ರಮುಖನಾದ ಗಿಡಿಯನ್ ಸಂಡ್‌ಬ್ಯಾಕ್ ದುಡಿದ, ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಿನ ‘ಹುಕ್‌ಲೆಸ್ ಫಾಸ್ಟನರ್’ ಕಂಪನಿಯ ಜಿಪ್ಪಿನ ಹೆಸರು ಅದು. 1937ರಲ್ಲಿ ಕಂಪನಿಯೇ ಆ ಹೆಸರು ತಾಳಿತು.

ಒಂದೇ ಕೃತಿಯಲ್ಲಿ ಎರಡು ಶೈಲಿ ಕಂಡರೆ ಒಂದು ಪ್ರಕ್ಷಿಪ್ತವಾಗಿರಲೇಬೇಕು. ಬಟ್ಟೆಯಂತಲ್ಲ ಚರ್ಮ; ಒಮ್ಮೆ ಸೂಜಿ ಚುಚ್ಚಿದರೆ ತೂತು ಮುಚ್ಚುವುದಿಲ್ಲ. ಎದೆಯ ಜಿಪ್ಪಿನ ಪಕ್ಕದಲ್ಲಿ ತೂತುಗಳ ಎರಡು ಸಾಲುಗಳಿವೆ: ಒಂದರಲ್ಲಿ ದಾರವಿದೆ, ಇನ್ನೊಂದು ಖಾಲಿ. ತೋಳು, ಎದೆ ಎರಡೂ ಕಡೆಯ ಜಿಪ್ಪಿನ ದಾರದ ಎಳೆ ಕಿತ್ತು ಸುಟ್ಟು ನೋಡಿದೆ. ತೋಳಿನದು ಕಾಗದದ ವಾಸನೆ ಬೀರಿ ಬೂದಿಯಾಯಿತು, ಅಂದರೆ ಹತ್ತಿ. ಎದೆಯದು ಕರಗಿ ಗಟ್ಟಿ ಮಣಿಯಾಯಿತು, ಅಂದರೆ ಪಾಲಿಯೆಸ್ಟರ್. ಚಿಕ್ಕಮ್ಮ ಬಂದು ಕಿಟಕಿ ತೆರೆದರು. ಎದೆಯ ಜಿಪ್ಪು ಪ್ರಕ್ಷಿಪ್ತವೆಂದು ಸಿದ್ಧವಾಯಿತು. ಪ್ರಕ್ಷೇಪಕಾರರು ಮಾರುಕಟ್ಟೆ ಹಿಂದಿನ ಬ್ಯಾಗ್ ರಿಪೇರಿಯವರೆಂದು ಚಿಕ್ಕಪ್ಪನೂ ಒಪ್ಪಿದರು.

ಚರ್ಮ, ಜಿಪ್ಪುಗಳ ಬಲದಿಂದ ಕೃತಿಯ ಕಾಲ 1930ರಿಂದ 1960ರೊಳಗೆ ಎಂದು ನಿರ್ಣಯಿಸಿದ್ದೇನೆ. ಪಂಪನ ನಂತರ, ಕುಮಾರವ್ಯಾಸನ ಮೊದಲು ಎಂದಷ್ಟೇ ಹೇಳಿ ಕವಿಗಳನ್ನು ಕೈಬಿಡುವವರಿಗೆ ಹೋಲಿಸಿದರೆ ಇದು ಬಹಳ ಖಚಿತ.

ಕರ್ತೃ ವಿಚಾರ

ಈ ಹಂತದಲ್ಲಿ ‘ಕವಿರಾಜಮಾರ್ಗ’ ನೆರವಿಗೆ ಬರುತ್ತದೆ. ಕ್ರಿ.ಶ. 850ರ ಸುಮಾರಿನ ಆ ಗ್ರಂಥವನ್ನು ಬರೆದವನು ರಾಷ್ಟ್ರಕೂಟ ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂದು ನಮ್ಮ ಹಿರಿಯರು ದಶಕಗಟ್ಟಲೆ ವಾದಿಸಿದರು. ಜಾಕೆಟ್ಟಿನದೂ ಇದೇ ಕಥೆ. ಸಿಯರ್ಸ್, ಮಾಂಟ್ಗೊಮರಿ ವಾರ್ಡ್‌ನಂಥ ಅಂಚೆ ಮಾರಾಟದ ದೊರೆಗಳು ಸೂಜಿ ಹಿಡಿದವರಲ್ಲ. ಯಾರಿಂದಲೋ ಹೊಲಿಸಿ ತಮ್ಮ ಹೆಸರು ಅಂಟಿಸಿದವರು. ಕೊರಳಲ್ಲಿ ನೃಪತುಂಗನ ಹೆಸರು, ಕಂಕುಳಲ್ಲಿ ಶ್ರೀವಿಜಯನ ಬೆವರು.

ಇಷ್ಟು ಬರೆದು ತ್ರಿಗ್ರಂಥಿಯ ನಕ್ಷೆ ತೆಗೆಯುತ್ತಿದ್ದಾಗ ಚಿಕ್ಕಮ್ಮ ಕಾಫಿ ತಂದರು.

“ಏನೋ ಅದು, ಬೆಳಗಿಂದ ಆ ಕಂಕುಳಲ್ಲಿ ಏನು ಹುಡುಕ್ತಿದ್ದೀಯ?”

“ಹೊಲಿದವರನ್ನ, ಚಿಕ್ಕಮ್ಮ.”

“ಅದು ನಾನೇ ಹಾಕಿದ್ದಲ್ವೇನೋ! ಯಜ್ಡಿ ಬೈಕ್ ಮೇಲಿಂದ ನಿಮ್ಮ ಚಿಕ್ಕಪ್ಪ ಬಿದ್ದಾಗ ಹರಿದಿತ್ತು. ಮೂರು ಗಂಟು ಹಾಕಿದ್ರೆ ಬಿಚ್ಚಲ್ಲ ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು.”

“ಹಾಗಾದ್ರೆ ಲೇಬಲ್ಲು?”

“ಕತ್ತಿಗೆ ಚುಚ್ಚತ್ತೆ ಅಂತಿದ್ರು. ಬಿಚ್ಚಿಟ್ಟಿದೀನಿ.”

ಹೊಲಿಗೆ ಮಿಷನ್ನಿನ ಡ್ರಾಯರಿನಿಂದ, ಬಾಬಿನ್ನು, ಟಿಚ್ ಬಟನ್ನುಗಳ ನಡುವಿನಿಂದ, ಲೇಬಲ್ ಹೊರಬಂತು. ಅದರ ಮೇಲೆ ‘ಹರ್ಕ್ಯುಲಿಸ್’ ಎಂದಿತ್ತು. “ಸೈಕಲ್ ಕಂಪನಿಯವರು ಜಾಕೆಟ್ಟೂ ಮಾಡ್ತಿದ್ರಾ?” ಎಂದ ಚಿಕ್ಕಪ್ಪನ ಮಗ. ಅಲ್ಲ, ಅದು ಸಿಯರ್ಸ್‌ನವರು ತಮ್ಮ ಗಟ್ಟಿ ಉಡುಪುಗಳಿಗೆ ಇಟ್ಟಿದ್ದ ಹೆಸರು. ಅಂದರೆ ನೃಪತುಂಗ ಸಿಕ್ಕ. ಶ್ರೀವಿಜಯ ಇನ್ನೂ ಸಿಕ್ಕಿಲ್ಲ.

ಉಪಸಂಹಾರ

ಆದಕಾರಣ ಈ ಸಂಪ್ರಬಂಧದಿಂದ ಸಿದ್ಧವಾದ ಅಂಶ ಇಷ್ಟು: ಜಾಕೆಟ್ಟಿನ ಸಾವಿರಾರು ಹೊಲಿಗೆಗಳಲ್ಲಿ ಕರ್ತೃ ಇಂಥವರೇ ಎಂದು ನಿರ್ವಿವಾದವಾಗಿ ಹೇಳಬಹುದಾದವು ಇಪ್ಪತ್ಮೂರು. ಅವರು ಈಗ ಒಳಗೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾರೆ. ಉಳಿದ ಹೊಲಿಗೆಗಳ ವಿಚಾರ ಎರಡನೆಯ ಸಂಪುಟಕ್ಕೆ. ಲೇಬಲ್ಲನ್ನು ಮೊದಲಿನ ತೂತುಗಳಿಗೆ ಸರಿಯಾಗಿ ಹೊಲಿದು ಕೊಡಿ ಎಂದು ಚಿಕ್ಕಮ್ಮನನ್ನು ಕೇಳಿಕೊಂಡಿದ್ದೇನೆ. ಕೊನೆಯಲ್ಲಿ ಮೂರು ಗಂಟು ಇರಲಿ ಎಂದೂ ಹೇಳಿದ್ದೇನೆ. ಮುಂದಿನ ಸಂಶೋಧಕರಿಗೂ ಸ್ವಲ್ಪ ಕೆಲಸ ಉಳಿಯಬೇಕಲ್ಲ.