ಗ್ರಾಮಲೆಕ್ಕಿಗನ ಸ್ಯಾದ್ವಾದ: ಹುಂಚ ಹೋಬಳಿಯ ಸಿಗ್ನಲ್‌ನಲ್ಲಿ ಅಸ್ತಿ–ನಾಸ್ತಿ ವಿಚಾರ

ಉಪಕರಣ ಬದಲಾದಂತೆ ನೌಕರನ ಅಸ್ಮಿತೆ, ಅಂದರೆ ತಾನು ಯಾರೆಂಬ ಅವನ ತಿಳಿವಳಿಕೆ, ಬದಲಾಗುತ್ತದೆಂಬ ಪ್ರಮೇಯದ ಪರೀಕ್ಷೆಗೆ ಹೊಸನಗರ ತಾಲ್ಲೂಕಿನ ಹುಂಚಕ್ಕಿಂತ ಪ್ರಶಸ್ತವಾದ ಕ್ಷೇತ್ರ ದೊರೆಯಲಾರದು. ಏಕೆಂದರೆ ಸಾಂತರರ ಈ ಹಳೆಯ ರಾಜಧಾನಿಯಲ್ಲಿ ಭೂದಾಖಲೆಯು ಕಲ್ಲಿನಿಂದ ಮೊಬೈಲಿಗೆ ಇಳಿದ ಚರಿತ್ರೆಯೂ, ಆ ಇಳಿತವನ್ನು ವಿವರಿಸಬಲ್ಲ ಜೈನ ತರ್ಕವಾದ ಸ್ಯಾದ್ವಾದವೂ ಒಟ್ಟಿಗೇ ಸಿಗುತ್ತವೆ.

ರಾಣಿ ಚಟ್ಟಲದೇವಿಯು 1077ರಲ್ಲಿ ಇಲ್ಲಿನ ಪಂಚಕೂಟ ಬಸದಿಯನ್ನು ಕಟ್ಟಿಸಿದ ಕಾಲದಲ್ಲಿ ದತ್ತಿಯನ್ನು ಕಲ್ಲಿನಲ್ಲಿ ಕಂಡರಿಸಿ, ಅದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂದು ಶಪಿಸುವುದು ಶಾಸನಗಳ ವಾಡಿಕೆಯಾಗಿತ್ತು. ಮರೆತುಹೋಗುವ ಪಾಸ್‌ವರ್ಡಿಗಿಂತ ಇದು ಮೇಲಾದ ಭದ್ರತೆಯೆಂಬುದರಲ್ಲಿ ಸಂಶಯವಿಲ್ಲ. ಬಹುಕಾಲದ ನಂತರ ಬಂದ ಶಾನುಭೋಗನು, ಇದ್ದಿಲು ಮತ್ತು ಹುಣಿಸೆಬೀಜದ ಸರಿ ಬಳಿದು ಒಣಗಿಸಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದು, ಅದನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ನಡೆದರೆ ಊರಿನ ಎಲ್ಲೆಗಳೆಲ್ಲ ಅವನ ಕಂಕುಳಲ್ಲೇ ಇರುತ್ತಿದ್ದವು. 1961ರ ಕಾಯ್ದೆ ವಂಶಪಾರಂಪರ್ಯದ ಹುದ್ದೆಯನ್ನು ರದ್ದುಪಡಿಸಿದ ಮೇಲೆ ಗ್ರಾಮಲೆಕ್ಕಿಗ (ವಿಲೇಜ್ ಅಕೌಂಟೆಂಟ್, ಜನರ ಬಾಯಲ್ಲಿ ‘ವಿಎ’) ಬಂದನು. 2000ದ ಹೊತ್ತಿಗೆ ‘ಭೂಮಿ’ ತಂತ್ರಾಂಶವು ಪಹಣಿಯನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಒಯ್ದಾಗ ಲೆಕ್ಕ ಹೋಗಿ ಲೆಕ್ಕಿಗ ಮಾತ್ರ ಉಳಿದನು. ಈಚೆಗೆ ಅವನನ್ನು ‘ಗ್ರಾಮ ಆಡಳಿತಾಧಿಕಾರಿ’ ಎಂದು ಕರೆಯಲಾಗಿದೆ. ಹೆಸರು ಉದ್ದವಾದಷ್ಟೂ ಅಧಿಕಾರ ಗಿಡ್ಡವಾಗುವ ಈ ವಿಲೋಮ ಸಂಬಂಧಕ್ಕೆ ‘ಹುಂಚ ನಿಯಮ’ ಎನ್ನಲಡ್ಡಿಯಿಲ್ಲ.

ಇಂದಿನ ಅಧಿಕಾರಿಯ ಅಸ್ತಿತ್ವವು ಲ್ಯಾಂಡ್ ಬೀಟ್, ಬಗರ್ ಹುಕುಂ, ನವೋದಯ, ಸಂಯೋಜನೆ, ಇ-ಆಫೀಸ್ ಮುಂತಾದ ತಂತ್ರಾಂಶಗಳಲ್ಲಿ ಹಂಚಿಹೋಗಿದೆ. ಹಿಂದೆ ‘ಜಾಗ ಎಲ್ಲಿದೆ’ ಎಂದು ಊರು ಶಾನುಭೋಗನನ್ನು ಕೇಳುತ್ತಿತ್ತು. ಈಗ ‘ನೀನು ಎಲ್ಲಿರುವೆ’ ಎಂದು ಆ್ಯಪ್ ಅಧಿಕಾರಿಯನ್ನು ಕೇಳುತ್ತದೆ. ಆಷಾಢದ ಮಳೆಯಲ್ಲಿ ಸರ್ಕಾರಿ ಜಮೀನಿನ ನಡುವೆ, ಕೊಡೆಯನ್ನು ಕತ್ತಿಗೆ ಸಿಕ್ಕಿಸಿಕೊಂಡು, ಒದ್ದೆ ಬೆರಳನ್ನು ಒಪ್ಪದ ಪರದೆಯನ್ನು ಅಂಗಿಯ ಒಳಮಗ್ಗುಲಿಗೆ ಒರೆಸುತ್ತ, ಹಿಮ್ಮಡಿಗೆ ಕಚ್ಚಿದ ಉಂಬಳವನ್ನು ಕೀಳಲೂ ಕೈ ಬಿಡುವಿಲ್ಲದೆ ನಿಂತವನ ಸ್ಥಿತಿಯನ್ನು ಸ್ಯಾದ್ವಾದವೊಂದೇ ನಿರೂಪಿಸಬಲ್ಲದು. ಸಿಗ್ನಲ್ ಇದ್ದರೆ ಆತ ಸ್ಯಾದಸ್ತಿ, ಅಂದರೆ ಒಂದು ದೃಷ್ಟಿಯಿಂದ ಇದ್ದಾನೆ, ಹೋದರೆ ಸ್ಯಾನ್ನಾಸ್ತಿ, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದ್ದರೆ ಸ್ಯಾದವಕ್ತವ್ಯ, ಹೇಳಲಾಗದು. ಉಂಬಳದ ದೃಷ್ಟಿಯಿಂದ ಮಾತ್ರ ಆತ ನಿತ್ಯನು, ಸತ್ಯನು.

2024ರ ಸೆಪ್ಟೆಂಬರಿನಲ್ಲಿ ಆ್ಯಪ್‌ಗಳ ಹೊರೆಯ ವಿರುದ್ಧ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದ್ದನ್ನು ಪತ್ರಿಕೆಗಳು ಸೇವಾ ಸಮಸ್ಯೆಯೆಂದು ಬರೆದವು. ಶಾಸ್ತ್ರದೃಷ್ಟಿಯಿಂದ ಅದು ಸ್ಯಾದ್ವಾದದ ಎಲ್ಲ ಭಂಗಗಳಿಂದಲೂ, ಅಂದರೆ ಹೇಳಿಕೆಯ ಬಗೆಗಳಿಂದಲೂ, ಒಮ್ಮೆಗೇ ಆದ ಲಾಗೌಟ್. ಪಂಡಿತರು ತಿಣುಕುವ ಈ ತರ್ಕವು ಹೋಬಳಿಯ ಜನರಿಗೆ ಸಹಜವಾಗಿ ಸಿದ್ಧಿಸಿದೆ. ‘ವಿಎ ಇದಾರನ?’ ಎಂದು ಕೇಳಿದರೆ ಅವರು ಗುಡ್ಡದತ್ತ ಗಲ್ಲ ಎತ್ತಿ ತೋರಿಸಿ, ‘ನೆಟ್ವರ್ಕ್ ಬಂದ್ರೆ ಇರ್ತಾರೆ’ ಎನ್ನುತ್ತಾರೆ.