ಅರವತ್ತು ಜನರೂ ಒಬ್ಬ ಬಾಮೈದನೂ

ಇವತ್ತಿಗೆ ಮೂರು ದಿನವಾಯಿತು, ನನ್ನ ಹೆಂಡತಿ ಅಡುಗೆಮನೆಯಲ್ಲಿ ನಿಂತು ಹಾಲ್‌ನಲ್ಲಿ ಕೂತ ನನಗೆ ವಾಟ್ಸಾಪ್ ಮಾಡುತ್ತಿದ್ದಾಳೆ. "ಊಟ." ಅಷ್ಟೇ, ಒಂದು ಎಮೋಜಿಯೂ ಇಲ್ಲ. ಆಟ ಆಡಿದವಳು ಮಗಳು, ಮಾತು ಆಡಿದವರು ಅಮ್ಮ, ಸಿಕ್ಕಿಬಿದ್ದವನು ನಾನು. ಶನಿವಾರ ರಾತ್ರಿ ನಕ್ಕುಬಿಟ್ಟೆ, ಅದೇ ತಪ್ಪು.

ಅಮ್ಮ ಆರು ತಿಂಗಳ ವೀಸಾದಲ್ಲಿ ಅರಸೀಕೆರೆಯಿಂದ ರೆಡಿಂಗಿಗೆ ಬಂದು ಎರಡು ತಿಂಗಳು. ಬಾಮೈದ "ರೂಮು ಸಿಗೋ ತನಕ, ಒಂದೆರಡು ವಾರ ಭಾವ" ಅಂತ ಬಂದು ಐದು ತಿಂಗಳು. ಇಂಗ್ಲೆಂಡಿನಲ್ಲಿ ಮೂರು ಬೆಡ್‌ರೂಮು ಅಂದರೆ ಎರಡೂವರೆ. ಆ ಅರ್ಧದಲ್ಲಿ ಅವನು, ಅವನ ಸೂಟ್‌ಕೇಸು, ಒಣಗಲು ಹಾಕಿದ ನಮ್ಮೆಲ್ಲರ ಬಟ್ಟೆ.

ಹದಿನೈದರ ಮಗಳು ಟಿವಿಗೆ ಹಚ್ಚಿಕೊಂಡು ಆಡುತ್ತಿದ್ದದ್ದು 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಲೂಕಸ್ ಪೋಪ್ ಎಂಬಾತ ಹೆಚ್ಚುಕಮ್ಮಿ ಒಬ್ಬನೇ ನಾಲ್ಕು ವರ್ಷಕ್ಕೂ ಮಿಕ್ಕಿ ಕೂತು ಕಟ್ಟಿ, 2018ರಲ್ಲಿ ಬಿಟ್ಟ ಆಟ. ಕಾಣೆಯಾಗಿದ್ದ ಹಡಗೊಂದು 1807ರಲ್ಲಿ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ, ಒಳಗೆ ಜೀವಂತ ಒಬ್ಬನೂ ಇಲ್ಲ. ಹತ್ತಿದ್ದವರು 60 ಜನ. ಆಡುವವರು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಇನ್‌ಸ್ಪೆಕ್ಟರ್. ಹೆಣದ ಮುಂದೆ ಒಂದು ಗಡಿಯಾರ ತೆರೆದರೆ ಆ ಸಾವಿನ ಕ್ಷಣ ಕಲ್ಲಾಗಿ ನಿಲ್ಲುತ್ತದೆ. ಅದರೊಳಗೆ ಸುತ್ತಾಡಿ ಇವನು ಯಾರು, ಹೇಗೆ ಸತ್ತ, ಯಾರು ಕೊಂದರು ಅಂತ ಪುಸ್ತಕದಲ್ಲಿ ತುಂಬಬೇಕು. ಮೂವರದ್ದು ಸರಿಹೋದಾಗಲೇ ಆಟ ಒಪ್ಪಿಕೊಳ್ಳೋದು.

ಚಿತ್ರವೆಲ್ಲ ಕಪ್ಪು ಬಿಳುಪು, ಚುಕ್ಕಿ ಚುಕ್ಕಿ. ಅಮ್ಮ ಮೊದಲು "ಟಿವಿ ಕೆಟ್ಟೋಯ್ತೇನೋ?" ಅಂದರು. ಆಮೇಲೆ ವಿಮೆ ಅನ್ನೋ ಮಾತು ಕಿವಿಗೆ ಬಿತ್ತು. ಅಪ್ಪ ಎಲ್‌ಐಸಿಯಲ್ಲಿದ್ದವರು. ಅಮ್ಮ ಕುರ್ಚಿ ಎಳೆದುಕೊಂಡರು.

ಕಲ್ಯಾಣಮಂಟಪದಲ್ಲಿ ಪಂಕ್ತಿಯ ಆ ತುದಿಯಲ್ಲಿ ಕೂತವಳ ಮೂಗು ನೋಡಿ "ಇವಳು ಬಾಣಾವರದ ಶ್ಯಾನುಭೋಗರ ಮನೆ ಕಡೆಯವಳು" ಅನ್ನಬಲ್ಲವರಿಗೆ ಅರವತ್ತು ಜನ ಯಾವ ಲೆಕ್ಕ? ಹಡಗಿನ ತೂಗುಮಂಚಗಳಿಂದ ಹೊರಚಾಚಿದ ಕಾಲು, ಪಕ್ಕದಲ್ಲಿ ನಂಬರಿನ ಬಿಲ್ಲೆ, ಅದನ್ನು ಪಟ್ಟಿಗೆ ತಾಳೆ ಹಾಕೋದು. ಮಗಳಿಗೆ ವಾರ ಹಿಡಿದದ್ದನ್ನು ಅಮ್ಮ ಹುರಳೀಕಾಯಿ ಸೋಸುತ್ತಾ ಮುಗಿಸಿದರು. "ಕಾಲುಚೀಲ ನೋಡೇ, ಮುಖ ಯಾಕೆ ನೋಡ್ತೀಯಾ?"

ಆಟ ಆಡಬೇಕು ಅಂತಿರುವವರು ಇಲ್ಲಿಂದ ನಾಲ್ಕು ಪ್ಯಾರಾ ಬಿಟ್ಟುಬಿಡಿ. ನನ್ನ ಗೋಳೆಲ್ಲ ಅದರಲ್ಲೇ ಇದೆ, ಪರವಾಗಿಲ್ಲ.

ಕ್ಯಾಪ್ಟನ್ ತನಗೆ ತಾನೇ ಗುಂಡು ಹೊಡೆದುಕೊಳ್ಳುವ ಮುಂಚೆ, ಪಕ್ಕದಲ್ಲಿ ಹೆಣವಾಗಿ ಮಲಗಿದ ಹೆಂಡತಿಯ ಹತ್ತಿರ ಕ್ಷಮೆ ಕೇಳುತ್ತಾನೆ. ಅವಳ ಬ್ರದರನ್ನು ಕೊಂದಿದ್ದು ಅವನೇ. ಆ ಬ್ರದರ್ ಅದೇ ಹಡಗಿನ ಫಸ್ಟ್ ಮೇಟ್. ಮಗಳು ಇದನ್ನು ಕನ್ನಡ ಮಾಡಿ ಹೇಳಿದಳು.

"ಬ್ರದರ್ ಅಂದ್ರೆ? ಅಣ್ಣನೋ ತಮ್ಮನೋ?"

"ಬ್ರದರ್, ಅಷ್ಟೇ ಅಜ್ಜಿ."

"ಅಷ್ಟೇ ಅಂದ್ರೆ ಹೇಗೇ? ಅಣ್ಣ ಆದ್ರೆ ಇವನಿಗೆ ಭಾವ, ತಮ್ಮ ಆದ್ರೆ ಬಾಮೈದ. ಅದೂ ಗೊತ್ತಿಲ್ದೆ ಏನು ಪತ್ತೇದಾರಿ ಮಾಡ್ತಾರೆ ಈ ಜನ?" ಒಂದು ನಿಮಿಷ ಯೋಚಿಸಿ ತೀರ್ಪು ಕೊಟ್ಟರು. "ಇವನ ಕೈಕೆಳಗೆ ಕೆಲಸಕ್ಕಿದ್ದ ಅಂದ್ಮೇಲೆ ಬಾಮೈದನೇ. ಬಾಮೈದನ್ನ ತಂದು ಮನೇಲಿ ಇಟ್ಕೊಂಡ್ರೆ ಇನ್ನೇನಾಗತ್ತೆ, ಕೊನೆಗೊಂದು ದಿನ ಗುಂಡು ಹೊಡೀಲೇಬೇಕಾಗತ್ತೆ."

ಗಡಿಯಾರ ತೆರೆಯಿರಿ. ಈ ಕ್ಷಣ ಇಲ್ಲೇ ನಿಲ್ಲಲಿ.

ಅಮ್ಮನ ತೋರುಬೆರಳು ಟಿವಿಯ ಕಡೆ. ಬೆರಳಿಗೂ ಟಿವಿಗೂ ನಡುವೆ, ತಟ್ಟೆ ಹಿಡಿದು ಮೊಸರನ್ನ ಕಲಸುತ್ತಾ ಈಗತಾನೇ ಬಂದು ನಿಂತ ಯುವಕ. ಬಾಯಿ ಅರ್ಧ ತೆರೆದಿದೆ, ತುತ್ತು ಇನ್ನೂ ಒಳಗೆ ಹೋಗಿಲ್ಲ. ತಟ್ಟೆಯ ಅಂಚಿನಲ್ಲಿ ಮಿಡಿ ಉಪ್ಪಿನಕಾಯಿ, ಅದೂ ನನ್ನ ಪಾಲಿನದು. ಅಡುಗೆಮನೆ ಬಾಗಿಲಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಆಯುಧ: ಸ್ಟೀಲಿನ ಸೌಟು, ಅದರಿಂದ ಜಾರಿದ ಸಾರಿನ ಒಂದು ಹನಿ ಗಾಳಿಯಲ್ಲೇ ನಿಂತಿದೆ. ಸೋಫಾದಲ್ಲಿ ಒಬ್ಬ ಗಂಡಸು, ತುಟಿ ಒತ್ತಿ ಹಿಡಿದಿದ್ದಾನೆ, ಕೆನ್ನೆ ಉಬ್ಬಿದೆ. ಸಾಯುವವನು ಇವನೇ ಅನ್ನಲು ಇನ್‌ಸ್ಪೆಕ್ಟರೇ ಬೇಕಿಲ್ಲ. ಯುವಕನ ಗುರುತು ಹಿಡಿಯೋದೂ ಸುಲಭ, ಕಾಲು ನೋಡಿ. ಬೂದು ಬಣ್ಣದ ಉಣ್ಣೆಯ ಕಾಲುಚೀಲ, ಹೆಬ್ಬೆರಳ ಹತ್ತಿರ ತೂತು. ಹೋದ ಡಿಸೆಂಬರಿನಿಂದ ನಾನು ಹುಡುಕುತ್ತಿರುವ ಕಾಲುಚೀಲ.

ನಾನು ನಕ್ಕದ್ದು ಅಮ್ಮನ ಮಾತಿಗಲ್ಲ, ಆ ತೂತಿಗೆ. ಇದನ್ನು ಹೆಂಡತಿಗೆ ಎಷ್ಟು ಸಲ ಹೇಳಿದರೂ ಸಾಕ್ಷಿಯಾಗಿ ದಾಖಲಾಗುತ್ತಿಲ್ಲ. ಅಮ್ಮ ಮಾತ್ರ ನಿರಾಳ: "ಹಡಗಿನ ವಿಷಯ ಕಣೋ ನಾನು ಹೇಳಿದ್ದು, ನಿನಗಲ್ಲ. ಇನ್ನೊಂಚೂರು ಮೊಸರು ಹಾಕ್ಕೋ." ಅವನು ಹಾಕಿಕೊಂಡ. ಅವನಿಗೆ ಬೇಜಾರೇ ಆಗಿರಲಿಲ್ಲ. ಅದು ನನಗೆ ಇನ್ನೂ ಉರಿ.

ನಿನ್ನೆ ಸಂಜೆ ಮಗಳು ಸ್ಕೂಲಿಂದ ಬಂದ ಮೇಲೆ ಮತ್ತೆ ಹಡಗು ಹೊರಟಿತು. ಈ ಸಲ ಬಾಮೈದನೂ ಪಕ್ಕದಲ್ಲಿ. ಪಯಣದ ಶುರುವಿನಲ್ಲೇ ನಮ್ಮ ಕಡೆಯ ಇಬ್ಬರು ನಾವಿಕರು ಸಾಯುತ್ತಾರೆ. ಕೊಲೆಯಲ್ಲ, ಕಾಯಿಲೆ. ಚಳಿ ತಡೆಯದ ಎದೆ. ಮಗಳು ಪುಸ್ತಕದಲ್ಲಿ ತುಂಬಿ ಮುಂದೆ ಹೋಗುತ್ತಿದ್ದಳು. ಅಮ್ಮ ತಡೆದರು.

"ಇವರ ಮನೆಗೆ ಯಾರು ಹೇಳಿದ್ರಂತೆ?"

ಆಟದಲ್ಲಿ ಅದು ಇಲ್ಲ. ಅಪ್ಪ ಕ್ಲೇಮಿನ ಫಾರಂ ಜೇಬಲ್ಲಿಟ್ಟು ಸ್ಕೂಟರಿನಲ್ಲಿ ಹಳ್ಳಿಗೆ ಹೋಗುತ್ತಿದ್ದರು. ಮನೆಯವರು ಅಳು ನಿಲ್ಲಿಸುವ ತನಕ ಜಗಲಿಯಲ್ಲಿ ಕೂತಿದ್ದು, ಆಮೇಲೇ ರುಜು ಎಲ್ಲಿ ಹಾಕಬೇಕು ಅಂತ ತೋರಿಸುತ್ತಿದ್ದರು. ಅಮ್ಮ ಇದನ್ನು ಟಿವಿ ನೋಡುತ್ತಲೇ ಹೇಳಿದರು. ಆಮೇಲೆ ಬಾಮೈದನ ಕಡೆ ತಿರುಗಿ, "ನಿಮ್ಮಮ್ಮಂಗೆ ಫೋನ್ ಮಾಡಿ ಎಷ್ಟು ದಿನ ಆಯ್ತು?"

ಅವನು ಕಾಲುಚೀಲ ನೋಡಿಕೊಂಡ. ಅಮ್ಮ ಅವನ ಕೈಯಿಂದಲೇ ಫೋನ್ ಹಚ್ಚಿಸಿ, ಕಸಿದುಕೊಂಡು, ಬೀಗಿತ್ತಿಗೆ ಕೂಗಿ ಹೇಳಿದರು: "ನಿಮ್ಮ ಹುಡುಗ ಇಳಿದುಹೋಗಿದಾನೆ ಕಣ್ರೀ. ನಾನು ಇಲ್ಲಿರೋ ತನಕ ಎಲ್ಲಿಗೂ ಕಳಿಸಲ್ಲ ಬಿಡಿ."

ಅಂದರೆ ಇನ್ನು ನಾಲ್ಕು ತಿಂಗಳು. "ಕೇಳಿಸ್ತಾ?" ಅಂತ ಅಡುಗೆಮನೆಗೆ ಮೆಸೇಜು ಹಾಕಿದೆ. ನೀಲಿ ಟಿಕ್ ಬಿದ್ದಿದೆ. ಉತ್ತರ ಬಂದಿಲ್ಲ.