ಅಗಲ ಚಕ್ರದ ಗತ್ತು

ಥಾರ್ ಕೊಂಡವರು ಅದನ್ನು ಕೊಂಡ ಹಾಗೇ ಓಡಿಸಿದ್ದನ್ನು ನಾನಂತೂ ಕಂಡಿಲ್ಲ. ಶೋರೂಮಿನವರು ಹಾಕಿದ ಹೂಮಾಲೆ ಬಾಡುವ ಮೊದಲೇ ಗಾಡಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಜ್ಯಾಕಿನ ಮೇಲೆ ನಿಂತಿರುತ್ತದೆ.

ನಮ್ಮ ಭಾವಮೈದುನನೂ ಅಷ್ಟೇ. ಕಂಪನಿಯ 18 ಇಂಚಿನ ಅಲಾಯ್ ಅವನ ಕಣ್ಣಿಗೆ ಬಡಕಲಾಗಿ ಕಂಡಿತು. ಅದನ್ನು ಅಂಗಡಿಯವನಿಗೇ ಕೊಟ್ಟು, ಕಪ್ಪು ಚಕ್ರಕ್ಕೆ 33 ಇಂಚು ಎತ್ತರದ ಟೈರು ಹಾಕಿಸಿದ. ಟೈರು ಬಾಡಿಯಿಂದ ನಾಲ್ಕು ಬೆರಳು ಆಚೆಗೇ. ಮಳೆ ಬಂದರೆ ಕೆಸರು ನೇರ ಕನ್ನಡಿಗೆ. ಅವರಮ್ಮನಿಗೆ ಗಾಡಿ ಹತ್ತಲು ಅಡುಗೆಮನೆಯ ಸ್ಟೂಲು ಬೇಕಾಯಿತು. ಮೊದಲಿದ್ದ ಟೈರಿನ ಎತ್ತರ ಸುಮಾರು 31 ಇಂಚು. ಹಾಗಾಗಿ ಸ್ಪೀಡೋಮೀಟರು 80 ಅಂದರೆ ಗಾಡಿ 85ರಲ್ಲಿ ಓಡುತ್ತಿತ್ತು. ‘ಕಿಲೋಮೀಟರೂ ಕಡಿಮೆ ತೋರಿಸುತ್ತಲ್ಲ, ಮಾರೋವಾಗ ಲಾಭ’ ಅಂದ ಪುಣ್ಯಾತ್ಮ!

ಮುಂದೆ ಬುಲ್ ಬಾರ್ ಬೇರೆ. ಅದು ಬೇಡವೆಂದು ಕೇಂದ್ರ ಸರ್ಕಾರ 2017ರಲ್ಲೇ ಹೇಳಿದೆ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹೇಳಿದರೆ ಕೇಳುವ ಜನ ಜೆ.ಸಿ. ರಸ್ತೆಗೆ ಯಾಕೆ ಹೋಗುತ್ತಾರೆ?

ಮಾರುವ ಕಾಲ ಬಂತು. ಚಕ್ರಕ್ಕೇ ಪ್ರತ್ಯೇಕ ರೇಟು ಬರೆದಿಟ್ಟುಕೊಂಡು ಕೂತಿದ್ದ. ಬಂದ ಗಿರಾಕಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ, ಟೈರು ಒಳಫೆಂಡರಿಗೆ ಉಜ್ಜಿದ ಗುರುತನ್ನು ಬೆರಳಲ್ಲಿ ಸವರಿ, ‘ಒರಿಜಿನಲ್ ವೀಲ್ ಇದೆಯಾ ಸಾರ್?’ ಅಂದ. ಎರಡನೆಯವನೂ ಅದನ್ನೇ ಕೇಳಿದ. ಕೊನೆಗೆ ಅಂಗಡಿಯಿಂದ ಹಳೇ ಅಲಾಯನ್ನು ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟು ವಾಪಸು ತಂದು ಗಾಡಿ ಸಾಗಹಾಕಿದ.

ಕಪ್ಪು ಚಕ್ರಗಳು ಈಗ ಅಟ್ಟದ ಮೇಲಿವೆ. ಅವುಗಳ ಬೋಲ್ಟಿನ ತೂತಿಗೆ ಹೊಂದುವ ಗಾಡಿ ಹುಡುಕುತ್ತಿದ್ದಾನೆ.